ನನ್ನ ಗಂಧಾರ, ಅವರ ಷಡ್ಜ

ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಹುಡುಗಿಯೆಂದರೆ ನಾನೊಬ್ಬಳೇ. ಐವತ್ತರ ದಶಕದ ನಡುವಿನ ಮಾತು. ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರು ಸೇರಿ ಕೆಲಸ ಮಾಡಬೇಕಿತ್ತು. ನನ್ನ ಜೊತೆಗೆ ನಿಲ್ಲಲು ಯಾವ ಹುಡುಗನೂ ಮುಂದೆ ಬರಲಿಲ್ಲ. ಬಂದಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ. ಹೀಗಾಗಿ ಕಿಟಕಿಯ ಪಕ್ಕದ ಮೇಜು ನನ್ನೊಬ್ಬಳದೇ ಆಗಿತ್ತು.

ಒಂದು ದಿನ ಸೋನೋಮೀಟರಿನ ಪ್ರಯೋಗ. ಅದೊಂದು ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಬಿಗಿದ ತಂತಿ. ಎರಡು ಕವಲಿನ ಉಕ್ಕಿನ ಶ್ರುತಿಕವಲನ್ನು ಬಡಿದು ಪೆಟ್ಟಿಗೆಯ ಮೇಲೆ ಊರಬೇಕು. ತಂತಿಯ ಉದ್ದ ಆ ನಾದಕ್ಕೆ ಸರಿಹೊಂದಿದರೆ ತಂತಿಯ ಮೇಲಿಟ್ಟ ಕಾಗದದ ಚೂರು ತಾನಾಗಿ ಹಾರಿ ಬೀಳುತ್ತದೆ. ಹುಡುಗರು ತಂತಿಯನ್ನು ಎತ್ತಿ ಹಿಡಿಯುವ ಮರದ ಕುದುರೆಯನ್ನು ಆಚೀಚೆ ಸರಿಸುತ್ತ ಅರ್ಧ ತಾಸು ಕಳೆಯುತ್ತಿದ್ದರು. ನಾನು ತಂತಿ ಮೀಟಿ, ಕವಲು ಬಡಿದು, ಎರಡನ್ನೂ ಕೇಳಿ ಕುದುರೆ ನಿಲ್ಲಿಸಿದೆ. ಆಮೇಲೆ ಕಾಗದ ಇಟ್ಟೆ. ಮೊದಲ ಸಲಕ್ಕೇ ಬಿತ್ತು.

ನಮ್ಮ ಭೌತಶಾಸ್ತ್ರದ ಅಧ್ಯಾಪಕರು ಬಾದಾಮಿ ಊರಿನವರು. ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು.

"ಉತ್ತರ ಮೊದಲ ಎಲ್ಲೆರೆ ನೋಡ್ಕೊಂಡು ಬಂದೀರೇನು?"

"ಇಲ್ರೀ ಸರ್, ಕಿವೀಲೆ ಕೂಡಿಸೀನ್ರಿ."

ಅವರು ಬೇರೊಂದು ಕವಲು ತಂದು, ಅದರ ಮೇಲಿನ ಕಂಪನದ ಅಂಕಿಯನ್ನು ಬೆರಳಿನಿಂದ ಮುಚ್ಚಿ ಬಡಿದರು. ಅದೂ ಕೂಡಿತು. ಸರ್ ಸ್ಟೂಲಿನ ಮೇಲೆ ಕುಳಿತುಕೊಂಡು, ಹುಡುಗರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಸಣ್ಣವ ಇದ್ದಾಗ ಜ್ವರ ಬಂದು ನನ್ನ ಕಿವಿ ಕೆಟ್ಟಾವ. ಮಾತು ಕೇಳಸ್ತದ, ಸ್ವರದ ಹೆಚ್ಚು-ಕಡಿಮಿ ತಿಳಿಯೂದಿಲ್ಲ. ಇಷ್ಟು ವರ್ಷ ಈ ಪಾಠ ಹೇಳೀನಿ, ಬರೇ ಕಾಗದ ಬೀಳೂದನ್ನ ನೋಡೀನಿ."

ಸಂಗೀತ ಕಲಿಯುತ್ತೇನೆ ಎಂದಷ್ಟೇ ಹೇಳಿದೆ.

ಮಂಗಳವಾರ, ಶುಕ್ರವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಗಾಯನದ ಪಾಠ ನಡೆಯುತ್ತಿತ್ತು. ಗುರುಗಳು ಹಿಂದೆ ನಾಟಕ ಕಂಪನಿಯೊಂದರಲ್ಲಿ ಹಾಡುತ್ತಿದ್ದವರು. ಶಿಷ್ಯರು ಇಬ್ಬರೇ, ನಾನು ಮತ್ತು ಅಂಚೆ ಕಚೇರಿಯ ಒಬ್ಬ ಗುಮಾಸ್ತರು. ಗುಮಾಸ್ತರು ನನಗಿಂತ ಹತ್ತು ವರ್ಷ ದೊಡ್ಡವರು. ಬಂದು, ಹಾಡಿ, ಛತ್ರಿ ಎತ್ತಿಕೊಂಡು ಹೋಗುತ್ತಿದ್ದರು. ಗುರುಗಳ ಹಾರ್ಮೋನಿಯಂ ಭಾರವೆಂದು ನಮ್ಮಲ್ಲೇ ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ಪೆಟಿಗಿ ಎನ್ನುತ್ತಾರೆ. ಬೆರಳು ಒತ್ತುವ ಪಟ್ಟಿಗೆ ಮನೆ ಎನ್ನುತ್ತೇವೆ. ನನ್ನ ಷಡ್ಜ, ಅಂದರೆ ನನ್ನ 'ಸ', ಅದರ ಕರಿ ನಾಲ್ಕನೆಯ ಮನೆ, ಗುಮಾಸ್ತರದು ಬಿಳಿ ಒಂದನೆಯದು.

ನಾನು ಗಂಧಾರ, ಅಂದರೆ 'ಗ', ಹಿಡಿದಾಗಲೆಲ್ಲ ಗುರುಗಳು ಮುಖ ಕಿವುಚುತ್ತಿದ್ದರು. "ಈ ಪೆಟಿಗಿ ಗಂಧಾರ ಸುಳ್ಳು ಹೇಳ್ತದ ತಂಗಿ. ಅದರ ಬೆನ್ನು ಹತ್ತಬ್ಯಾಡ, ತಂಬೂರಿ ಕೇಳು."

ಸುಳ್ಳು ಎಂದರೆ ಎಷ್ಟು ಸುಳ್ಳು? ಇದನ್ನು ಸರ್ ಅವರಲ್ಲಿ ಕೇಳಿದೆ. ಅವರಿಗೆ ಹಬ್ಬವೇ ಆಯಿತು. ನಮ್ಮ ತಂದೆಯನ್ನು ಒಪ್ಪಿಸಿ, ಪೆಟಿಗಿಯನ್ನು ಟಾಂಗಾದಲ್ಲಿ ಕಾಲೇಜಿಗೆ ತರಿಸಿದರು. ನನ್ನ ಷಡ್ಜ ಸೆಕೆಂಡಿಗೆ ಇನ್ನೂರೆಂಟು ಕಂಪನ. ಶುದ್ಧ ಗಂಧಾರವೆಂದರೆ ಅದರ ಒಂದೂಕಾಲು ಪಟ್ಟು, ಇನ್ನೂರ ಅರವತ್ತು. ತಂತಿಯನ್ನು ಆ ಲೆಕ್ಕಕ್ಕೆ ಕೂಡಿಸಿ, ಸೋನೋಮೀಟರನ್ನು ಪೆಟಿಗಿಯ ಮೇಲಿಟ್ಟು ತಂತಿಯನ್ನೂ ಪೆಟಿಗಿಯ ಮನೆಯನ್ನೂ ಒಟ್ಟಿಗೆ ನುಡಿಸಿದೆ. ನಾದ ಉಬ್ಬಿ ತಗ್ಗಿ, ಉಬ್ಬಿ ತಗ್ಗಿ, ಸೆಕೆಂಡಿಗೆ ಎರಡು ಸಲ ಅಲೆಯಾಡಿತು. ಪೆಟಿಗಿಯದೇ ತುಸು ಏರು, ಅದರ ಸ್ವರ ಇನ್ನೂರ ಅರವತ್ತೆರಡು ಎಂದಾಯಿತು.

"ಎಲ್ಲಿ? ಎಲ್ಲಿ ಅಲೆ?" ಎಂದರು ಸರ್.

ನಾನು ಅವರ ಅಂಗೈಯನ್ನು ಸೋನೋಮೀಟರಿನ ಹಲಗೆಯ ಮೇಲೆ ಇಡಲು ಹೇಳಿ ಮತ್ತೆ ನುಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾದ ಅಡಗಿದ ಮೇಲೂ ಕೈ ತೆಗೆಯಲಿಲ್ಲ. "ಇನ್ನೊಮ್ಮೆ" ಎಂದರು. ಏಳೆಂಟು ಸಲ ನುಡಿಸಿರಬೇಕು.

ಆಮೇಲೆ ನಾನು ಕೇಳಿದೆ, "ಇದನ್ನ ಇಳಿಸಬಹುದೇನ್ರಿ ಸರ್?"

"ಯಾಕ ಬರೂದಿಲ್ಲ? ಒಳಗಿನ ಹಿತ್ತಾಳಿ ನಾಲಿಗಿ ತುದಿ ಹಗುರ ಮಾಡಿದ್ರ ಸ್ವರ ಏರ್ತದ, ಬುಡ ತೆಳು ಮಾಡಿದ್ರ ಇಳೀತದ. ಆದ್ರ ಮಾಡಿದವರು ಹಿಂಗ್ಯಾಕ ಮಾಡ್ಯಾರ ಅನ್ನೂದನ್ನ ಮೊದಲ ನೋಡಬೇಕು." ಅಷ್ಟರಲ್ಲಿ ಗಂಟೆ ಹೊಡೆಯಿತು. ನನಗೆ ಬೇಕಾದದ್ದನ್ನು ನಾನು ಕೇಳಿಸಿಕೊಂಡಾಗಿತ್ತು.

ಭಾನುವಾರ ಮನೆಯವರೆಲ್ಲ ಊಟ ಮಾಡಿ ಅಡ್ಡಾದಾಗ ಪೆಟಿಗಿ ಬಿಚ್ಚಿದೆ. ಅಪ್ಪನ ದಾಡಿಯ ಬ್ಲೇಡಿನಿಂದ ಗಂಧಾರದ ನಾಲಿಗೆಯ ಬುಡ ಕೆರೆದೆ. ಕೇಳಿದೆ, ಕೆರೆದೆ, ಮತ್ತೆ ಕೇಳಿದೆ. ಹತ್ತಿರ ಬಂತು ಎನಿಸಿದಾಗ ಸ್ವರ ಗೊರಗೊರ ಎಂದಿತು. ನಾಲಿಗೆಯನ್ನು ತುಸು ಮೇಲೆತ್ತಲು ಉಗುರು ಹಾಕಿದೆ. ಪಟಕ್ಕನೆ ಮುರಿದು ಕೈಗೆ ಬಂತು.

ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ. ಅವರು ಶಾಲೆಯ ಮಾಸ್ತರರು. "ಮುರಿದವರು ಹೇಳಬೇಕು. ನಾ ಹೇಳೂದಿಲ್ಲ" ಎಂದರು. ಮಂಗಳವಾರ ಗುರುಗಳು ಬಂದು ಕೂರುವ ಮೊದಲೇ ಆ ಹಿತ್ತಾಳೆಯ ಚೂರನ್ನು ಅವರ ಮುಂದೆ ಇಟ್ಟೆ. ಒಂದೂಕಾಲು ಪಟ್ಟಿನ ಲೆಕ್ಕ ಬರೆದ ಕಾಗದವನ್ನೂ ಇಟ್ಟೆ. ಅವರು ಚೂರನ್ನು ಅಂಗೈಯಲ್ಲಿ ಹಿಡಿದು ಹೊರಳಿಸಿ ನೋಡಿದರು. ನನಗೆ ಅಳು ಬಂತು.

"ಅಳಬ್ಯಾಡ. ನಿಮ್ಮ ಅಕ್ಕನ ಮನಿ ಹುನಗುಂದದಾಗ ಅದಲ್ಲ? ಅಲ್ಲೊಬ್ಬ ಪೆಟಿಗಿ ರಿಪೇರಿ ಮಾಡಾಂವ ಇದ್ದಾನ, ನಮ್ಮ ಕಂಪನಿಯಾಗ ಇದ್ದಾಂವ. ರಜಾದಾಗ ಒಯ್ಯಿ. ಆದ್ರ ಅವನ ಕೈಲೆ ಮಾಡಿಸಬ್ಯಾಡ. ಮುರದಾಕಿ ನೀ, ಕೂಡಿಸಾಕಿನೂ ನೀನ."

ರಜೆ ಬಂದಿತು. ಪೆಟಿಗಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅಪ್ಪನ ಜೊತೆ ಹೊರಟೆ. ಶಿರೂರಿನ ರಸ್ತೆಯ ಕುಲುಕಾಟಕ್ಕೆ ಉಳಿದ ಸ್ವರಗಳೂ ಉದುರುತ್ತವೇನೋ ಎಂದು ಜೀವ ಹಿಡಿದುಕೊಂಡಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅಪ್ಪ ಅಕ್ಕನ ಮಕ್ಕಳಿಗೆ ಕರದಂಟು ಕೊಂಡರು. ನಾನು ಕೆಳಗೆ ನಿಂತು ಪೆಟಿಗಿಯನ್ನೇ ಕಾಯುತ್ತಿದ್ದೆ.

ರಿಪೇರಿಯವರ ಮನೆ ಹುನಗುಂದದ ಅಂಚಿನಲ್ಲಿತ್ತು. ಅವರ ಹಣೆಗೆ ಬೀರಪ್ಪನ ಭಂಡಾರದ ಅರಿಶಿನ, ಗೋಡೆಗೆ ತೂಗುಹಾಕಿದ ಡೊಳ್ಳು. ತಮ್ಮಂದಿರು ಕುರಿ ಕಾಯುತ್ತಿದ್ದರು, ಇವರೊಬ್ಬರು ಕಟ್ಟೆಯ ಮೇಲೆ ಪೆಟಿಗಿ ಬಿಚ್ಚಿಕೊಂಡು ಕೂರುವವರು. ನಮ್ಮ ಪೆಟಿಗಿಯ ಒಳಗೆ ನೋಡಿದ್ದೇ ನನ್ನ ಭಾವನನ್ನು ಕೇಳಿದರು: "ಯಾರ್ರಿ ಇದನ್ನ ಕೆಡಿಸಿದವರು?"

"ನಾನ ಕಾಕಾ" ಎಂದೆ.

"ಏನ್ಲೆ ಕೆರದ್ರಿ?"

"ಅಪ್ಪನ ದಾಡಿ ಬ್ಲೇಡ್‌ಲೆ."

ಅವರು ನಕ್ಕ ರಭಸಕ್ಕೆ ಅಂಗಳದ ಕುರಿಗಳು ತಿರುಗಿ ನೋಡಿದವು. ಗುರುಗಳ ಮಾತು ಹೇಳಿದೆ. "ಹಂಗಾರ ನಾ ಏನ್ ಮಾಡ್ಲಿ ಬಾಯಾರ? ಕುಂತು ನೋಡ್ಲ್ಯಾ?"

"ಹೌದ್ರಿ, ನೋಡ್ರಿ. ತಪ್ಪಿದಾಗ ಹೇಳ್ರಿ."

ಎಂಟು ದಿನ ಬೆಳಿಗ್ಗೆ ಹೋಗಿ ಕುಳಿತೆ. ಅಕ್ಕನ ಅತ್ತೆಗೆ ಇದು ಸರಿಬರಲಿಲ್ಲ. ಓದಿದ ಹುಡುಗಿ ಕಟ್ಟೆಯ ಮೇಲೆ ಹಿತ್ತಾಳೆ ಉಜ್ಜುತ್ತಾಳೆಂದು ನೆರೆಯವರ ಮುಂದೆ ಗೊಣಗಿದರು. ಭಾವ ಮಾತ್ರ ದಿನವೂ ಬಿಟ್ಟುಬಂದರು. ಕಾಕಾ ಮೊದಲು ಕೆಟ್ಟ ನಾಲಿಗೆಗಳನ್ನೇ ಕೊಟ್ಟರು. ಸಣ್ಣ ಅರದಿಂದ ಒಂದೆರಡು ಸಲ ಎಳೆದೊಡನೆ ಕಸಿದುಕೊಂಡು ಕಟ್ಟೆಯ ಮೇಲಿಟ್ಟು, "ಈಗ ಕೇಳಬ್ಯಾಡ್ರಿ. ಹಿತ್ತಾಳಿ ಬೆವತೈತಿ. ಆರಲಿ" ಎನ್ನುತ್ತಿದ್ದರು.

ಮೂರನೆಯ ದಿನ ನನಗೆ ಹೊಳೆಯಿತು. "ಕಾಕಾ, ಉಜ್ಜಿದ್ರ ಬಿಸಿ ಆಗ್ತದ. ಬಿಸಿ ಆದ ಲೋಹ ತುಸು ಮೆತ್ತಗಾಗ್ತದ, ಸ್ವರ ಇಳೀತದ. ಆರಿದ ಮ್ಯಾಲೆ ಮತ್ತ ಏರ್ತದ. ಅದಕ್ಕ ನಾ ಮನ್ಯಾಗ ಕೆರದಾಗ ಒಮ್ಮಿ ಹತ್ರ ಬಂದದ್ದು ಮತ್ತೊಮ್ಮಿ ದೂರ ಸರೀತಿತ್ತು."

"ಹೌದೇನು? ನಮ್ಮ ಉಸ್ತಾದರು ಬೆವರತೈತಿ ಅಂದ್ರು, ನಾನೂ ಬೆವರತೈತಿ ಅಂತ ನಂಬೀನಿ." ಅಂದಿನಿಂದ ಅವರು ನನ್ನನ್ನು ದೊಡ್ಡ ಮನೆಯ ಹೆಂಗಸರಂತೆ ಬಾಯಾರ ಎನ್ನುವುದು ಬಿಟ್ಟು ತಂಗೆವ್ವ ಎಂದರು.

ಎಂಟನೆಯ ದಿನ ಹೊಸ ನಾಲಿಗೆ ಕೂರಿಸಿ, ನನ್ನ ಷಡ್ಜಕ್ಕೆ ಒಪ್ಪುವ ಶುದ್ಧ ಗಂಧಾರಕ್ಕೆ ಇಳಿಸತೊಡಗಿದೆ. ಕಾಕಾ ಕೇಳಿದರು: "ಇದರ ಮ್ಯಾಲ ಮತ್ತ್ಯಾರರೆ ಹಾಡ್ತಾರೇನು ತಂಗೆವ್ವ?"

"ಹಾಡಿದ್ರೇನ್ರಿ? ಸರಿ ಇದ್ದದ್ದು ಎಲ್ಲಾರಿಗೂ ಸರೀನ ಅಲ್ಲೇನು?"

ಅವರು ನನ್ನನ್ನು ಒಂದು ಗಳಿಗೆ ನೋಡಿ, "ಮಾಡ್ರಿ, ಮಾಡ್ರಿ" ಎಂದರು.

ಬಾಗಲಕೋಟೆಗೆ ಮರಳಿದ ಮೊದಲ ಪಾಠದಲ್ಲಿ ನಾನು ಗಂಧಾರ ಹಿಡಿದಾಗ ಅಲೆ ಇರಲಿಲ್ಲ. ಪೆಟಿಗಿಯೊಳಗೆ ನನ್ನ ದನಿ ಕರಗಿಹೋಯಿತು. ಗುರುಗಳು "ಭೇಷ್" ಎಂದರು. ಅಷ್ಟು ಸಂತೋಷ ನನಗೆ ಪರೀಕ್ಷೆಯ ಫಲಿತಾಂಶಗಳಿಂದಲೂ ಆಗಿಲ್ಲ.

ನನ್ನ ನಂತರ ಗುಮಾಸ್ತರು ಕುಳಿತರು. ಕೆಳಗಿನ ಷಡ್ಜದಿಂದ ಹತ್ತುತ್ತ ಮೇಲಿನ ಷಡ್ಜಕ್ಕೆ ಬಂದರು. ಪೆಟಿಗಿ ಅವರಿಗಿಂತ ಕೆಳಗೆ ನಿಂತಿತು. ಅವರು ತಾವೇ ತಪ್ಪಿದೆವೆಂದು ದನಿ ಇಳಿಸಿದರು, ಮತ್ತೆ ಏರಿಸಿದರು, ಬೆವರೊರೆಸಿಕೊಂಡರು. "ಇವತ್ತ ಯಾಕೋ ಧ್ವನಿ ಕೂಡವಲ್ತು, ಕ್ಷಮಾ ಮಾಡ್ರಿ" ಎಂದರು.

ನನಗೆ ಆಗ ತಿಳಿಯಿತು. ನಾನು ಇಳಿಸಿದ ಆ ಬಿಳಿಯ ಮನೆಯೇ ಅವರ ಮೇಲಿನ ಷಡ್ಜ. ಯಾರು ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ನಡೆಯಲೆಂದು ಪೆಟಿಗಿ ಮಾಡಿದವರು ಪ್ರತಿಯೊಂದು ಸ್ವರದ ತಪ್ಪನ್ನೂ ಸಮವಾಗಿ ಹಂಚಿಟ್ಟಿದ್ದರು. ನನ್ನ ಪಾಲಿನದನ್ನು ನಾನು ತೆಗೆದು ಇವರ ತಲೆಯ ಮೇಲೆ ಹಾಕಿದ್ದೆ. ತಿಂಗಳುಗಟ್ಟಲೆ ಒಂದೇ ಚಾಪೆಯ ಮೇಲೆ ಕುಳಿತು ಕಲಿತಿದ್ದೆವು. ಹುನಗುಂದದ ಕಟ್ಟೆಯಲ್ಲಿ ಆ ಪ್ರಶ್ನೆ ಬಂದಾಗ ಅವರ ನೆನಪೇ ನನಗೆ ಆಗಿರಲಿಲ್ಲ.

"ತಪ್ಪು ನಿಮ್ಮದಲ್ರಿ, ನನ್ನದು" ಎಂದೆ. ಆ ಮನುಷ್ಯನೊಡನೆ ನಾನು ಆಡಿದ ಮೊದಲ ಪೂರ್ತಿ ವಾಕ್ಯ ಅದೇ ಇರಬೇಕು. ಗುರುಗಳು ಪೆಟಿಗಿ ಮುಚ್ಚಿದರು. "ಹಿಂದಿನ ಹಂಗ ಮಾಡು ತಂಗಿ. ನಿನಗ ಇನ್ನ ಮ್ಯಾಲೆ ಬರೇ ತಂಬೂರಿ."

ಮುಂದಿನ ಭಾನುವಾರ ಗುಮಾಸ್ತರನ್ನು ಕರೆಸಲು ಅಪ್ಪನಿಗೆ ಹೇಳಿದೆ. ಕವಲು ಇಟ್ಟುಕೊಂಡೇ ಕೂಡಿಸಬಹುದಿತ್ತು. ಅವರ ದನಿಯೇ ಬೇಕೆಂದು ನನಗೆ ಅನಿಸಿತು. ಅವರು ಬೆಳಗಿನಿಂದ ಕುಳಿತು, ನಾನು ಕೇಳಿದಾಗಲೆಲ್ಲ ಮೇಲಿನ ಷಡ್ಜ ಹಚ್ಚಿದರು. ನಾನು ನಾಲಿಗೆಯ ತುದಿಯನ್ನು ಅರದಿಂದ ಒಂದೊಂದೇ ಎಳೆ ಹಗುರ ಮಾಡಿ ಆರಲು ಇಡುತ್ತಿದ್ದೆ. ನಡುವಿನ ಹೊತ್ತಿನಲ್ಲಿ ಅವರು ತಮ್ಮ ಬಗ್ಗೆ ಹೇಳಿದರು: ಊರು ಗುಳೇದಗುಡ್ಡ, ಮನೆಯಲ್ಲಿ ಮಗ್ಗವಿತ್ತು, ಮಗ್ಗದ ಸಪ್ಪಳದ ಮೇಲೆ ಕೇಳಿಸಬೇಕೆಂದು ಸಣ್ಣಂದಿನಿಂದಲೂ ಎತ್ತರದ ದನಿಯಲ್ಲೇ ಹಾಡುತ್ತಿದ್ದರಂತೆ. ಮಾತು ಕಡಿಮೆಯ ಮನುಷ್ಯರೆಂದುಕೊಂಡಿದ್ದೆ, ಯಾರೂ ಕೇಳಿರಲಿಲ್ಲ ಅಷ್ಟೇ.

ಅವ್ವ ಹಚ್ಚಿದ ಅವಲಕ್ಕಿ ತಂದಿಟ್ಟಾಗ ಇನ್ನೂ ಕೂಡಿರಲಿಲ್ಲ. ತಿಂದು ಮತ್ತೆ ಕುಳಿತೆವು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಅಲೆ ನಿಂತಿತು.

"ಕೂಡ್ತಲ್ರಿ!" ಎಂದರು ಅವರು.

"ತಡೀರಿ, ಇನ್ನೂ ಬಿಸಿ ಇರಬೇಕು" ಎಂದೆ. ಇಬ್ಬರೂ ಸುಮ್ಮನೆ ಕುಳಿತು ಕಾದೆವು. ಮತ್ತೆ ಷಡ್ಜ ಹಚ್ಚಿದರು. ಕೂಡಿಯೇ ಇತ್ತು.

ಮುಂದೆ ನಾನು ಧಾರವಾಡಕ್ಕೆ ಹೋಗಿ ನಾದದ ವಿಷಯವನ್ನೇ ಎಂ.ಎಸ್ಸಿ.ಗೆ ಆರಿಸಿಕೊಂಡೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದ ಮೇಲೆ ಊರವರ ಪೆಟಿಗಿಗಳು ನನ್ನ ಮನೆಗೆ ಬರತೊಡಗಿದವು. ವಿಜ್ಞಾನದವಳೋ ಹಾಡುಗಾರ್ತಿಯೋ ಎಂದು ಕೇಳಿದವರಿಗೆ ಸರಿಯಾದ ಉತ್ತರ ಕೊಡಲು ನನಗೆ ಕೊನೆಗೂ ಆಗಲಿಲ್ಲ. ಗುರುಗಳು ಮತ್ತೆ ಪೆಟಿಗಿಯ ಮೇಲೆ ನನಗೆ ಪಾಠ ಹೇಳಲಿಲ್ಲ. ತಂಬೂರಿಯ ಜೊತೆ ಗಂಧಾರವನ್ನು ಅಲುಗದಂತೆ ನಿಲ್ಲಿಸಲು ನನಗೆ ಇನ್ನೂ ಎರಡು ವರ್ಷ ಹಿಡಿಯಿತು.