ಮೇಲಿನ ಮನೆ ಆಂಟಿಯ ಶನಿವಾರದ ಓದು

ಓದುವಾಗ ಅವರು ಎಡ ಅಂಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಹಿಡಿಯುತ್ತಿದ್ದರು. ಹರೆಯದಲ್ಲಿ ರೇಡಿಯೋಕ್ಕೆ ಸುದ್ದಿ ಓದುತ್ತಿದ್ದಾಗ, ತಮ್ಮ ದನಿ ತಮಗೇ ಸರಿಯಾಗಿ ಕೇಳಲೆಂದು ರೂಢಿಸಿಕೊಂಡದ್ದಂತೆ. ಉದ್ದ ಬೆರಳು, ಮೊಂಡು ಉಗುರು, ನಡುಬೆರಳಿನ ಪಕ್ಕಕ್ಕೆ ಪೆನ್ನು ಒತ್ತಿ ಒತ್ತಿ ಎದ್ದ ಒಂದು ಗಂಟು. ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿ ನಮ್ಮ ಫ್ಲ್ಯಾಟ್ ಹತ್ತನೇ ಮಹಡಿಯಲ್ಲಿ, ಅವರದು ಹನ್ನೊಂದರಲ್ಲಿ. ಅವರ ಗಂಡ ಹಡಗು ಕಟ್ಟುವ ಯಾರ್ಡಿನಲ್ಲಿ ಎಂಜಿನಿಯರ್. ನನ್ನ ಮಗಳಿಗೆ ಅವರು ಮೇಲಿನ ಮನೆ ಆಂಟಿ; ಹಾಗಾಗಿ ನನಗೂ.

ಆಂಟಿ ಬಾಸ್ಕ್ ಭಾಷೆಯ ಲೇಖಕಿ, ಪತ್ರಕರ್ತೆ. ಸ್ಪೇನಿನ ಉತ್ತರದ ಗುಡ್ಡಗಳಲ್ಲಿ ಆಡುವ ಸಣ್ಣ ಭಾಷೆ ಅದು. ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಅದನ್ನಾಡಿದರೆ ಬೆತ್ತದ ರುಚಿ ಸಿಗುತ್ತಿತ್ತಂತೆ. ಅದೇ ಭಾಷೆಯಲ್ಲಿ ಹಟ ಹಿಡಿದು ಮೊದಲು ರೇಡಿಯೋ, ಆಮೇಲೆ ದಿನಪತ್ರಿಕೆ, ನಡುವೆ ಎರಡು ಕಥಾಸಂಕಲನ, ಒಂದು ಕಾದಂಬರಿ. ಸಿಂಗಾಪುರಕ್ಕೆ ಬಂದ ಮೇಲೂ ಊರಿನ ಪತ್ರಿಕೆಗೆ ವಾರಕ್ಕೊಂದು ಅಂಕಣ ತಪ್ಪಿಸಿದವರಲ್ಲ. ಹಾಕರ್ ಸೆಂಟರ್ ಎಂಬ ತಿಂಡಿ ಅಂಗಡಿಗಳ ಸಾಲಿನ ಕಾಫಿ, ನೋಡನೋಡುತ್ತ ಏಳುವ ಕಾಂಡೊ ಕಟ್ಟಡಗಳು, ಕ್ರೇನುಗಳ ಮೇಲಿನ ಮುಸ್ಸಂಜೆ ಎಲ್ಲ ಅದರಲ್ಲಿ ಬರುತ್ತಿದ್ದವು.

ಕಳಿಸುವ ಮುಂಚೆ ಅದನ್ನು ಯಾರಿಗಾದರೂ ಓದಿ ಹೇಳಲೇಬೇಕು. ಇಡೀ ಬ್ಲಾಕಿನಲ್ಲಿ ಅವರಿಗೆ ಸಿಕ್ಕ ಕಿವಿ ನನ್ನದು. ಶನಿವಾರ ಬೆಳಿಗ್ಗೆ ಲಿಟಲ್ ಇಂಡಿಯಾದಿಂದ ತಂದ ಮೆಂತ್ಯ ಸೊಪ್ಪು ಹರವಿಕೊಂಡು ನಾನು ಎಲೆ ಬಿಡಿಸಿ ಸೋಸುತ್ತಾ ಕೂತರೆ, ಇವರು ಇಳಿದು ಬಂದು ಎದುರಿಗೆ ಕೂತು ಓದುವರು. ನನಗೆ ಒಂದಕ್ಷರ ತಿಳಿಯದು. ಒಗ್ಗರಣೆಯ ಸಾಸಿವೆಯಂತೆ ಚಟಚಟ ಎನ್ನುವ ಪದಗಳು. ಕಿಟಕಿಯಾಚೆ ಪುಟ್ಟ ಎಲ್‌ಆರ್‌ಟಿ ರೈಲು ಹಾಯುವಾಗ ಅದರ ಗಾಜಿನ ಬೆಳಕು ನಮ್ಮ ಛಾವಣಿಯ ಮೇಲೆ ಹರಿದು ಹೋಗುತ್ತಿತ್ತು. ನಾನು ಎಚ್ಚರವಿದ್ದೂ ಎಲ್ಲೋ ತೇಲುತ್ತಿದ್ದೆ. ನಮ್ಮೂರು ಗದುಗಿನ ಮನೆಯ ಪಡಸಾಲೆಯಲ್ಲಿ ಹಿರಿಯರು ಮಾತಾಡುತ್ತಿದ್ದಾರೆ, ನಾನು ಅರೆನಿದ್ದೆಯಲ್ಲಿ ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಅವರ ಕಣ್ಣು ಮಾತ್ರ ನನ್ನ ಕೈಮೇಲೆ. ನಾನು ಮೈಮರೆತು ಸೋಸುವುದನ್ನು ನಿಲ್ಲಿಸಿದರೆ ಆ ಸಾಲು ಉಳಿಯಿತು. ಕೈ ಚುರುಕಾದರೆ ಅದರ ಮೇಲೊಂದು ಗೀಟು.

“ನಿನ್ನ ಬೆರಳು ಓಡಾಕ ಹತ್ತಿದ್ವು ಅಂದ್ರ ನನ್ನ ಸಾಲು ಜೊಳ್ಳು ಅಂತ ತಿಳ್ಕೊ,” ಅನ್ನುತ್ತಿದ್ದರು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಖರೆ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ನೆನಪು ಅವರನ್ನು ಪೂರಾ ಗದುಗಿನವರನ್ನಾಗಿ ಮಾಡಿಬಿಟ್ಟಿದೆ. ಈಗ ಬೇರೆ ಥರ ಕೇಳಿಸುವುದೇ ಇಲ್ಲ.

ಅಂಥದೊಂದು ಶನಿವಾರ ಮಗಳು ಬಂದು “ಮಮ್ಮಿ, ಐಯಾಮ್ ಸೋ ಹಂಗ್ರಿ ಲಾ” ಅಂದಳು, ಇಲ್ಲಿಯ ಮಕ್ಕಳಂತೆ ಕೊನೆಗೊಂದು ‘ಲಾ’ ಹಚ್ಚಿ. ಎರಡು ನಿಮಿಷ ತಡೆ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಆಂಟಿ ಓದು ನಿಲ್ಲಿಸಿದರು.

“ಮಗಳ ಕೂಡ ನಿನ್ನ ಭಾಷೆ ಆಡಂಗಿಲ್ಲೇನು?”

“ಮೊದಲ ಆಡ್ತಿದ್ವಿ, ಆಂಟಿ. ಮುಂದಿನ ವರ್ಷ ಒಂದನೇ ಕ್ಲಾಸು. ಮನ್ಯಾಗ ಇಂಗ್ಲಿಷ್ ಅಷ್ಟ ಮಾತಾಡ್ರಿ, ಇಲ್ಲಾಂದ್ರ ಹಿಂದ ಬೀಳ್ತಾಳ ಅಂತ ಟೀಚರ್ ಹೇಳ್ಯಾರ. ಸ್ಟಾಪ್ ಮಾಡಿ ಆರು ತಿಂಗಳಾತು.”

ಸುಳ್ಳಲ್ಲ. ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿನಿಂದ ದಣಿದು ಬಂದ ಸಂಜೆಗಳಲ್ಲೂ ನಾನು, ನನ್ನ ಗಂಡ ಇಬ್ಬರೂ ವ್ರತದಂತೆ ಅದನ್ನು ಪಾಲಿಸುತ್ತಿದ್ದೆವು. ಇಲ್ಲಿಯ ಶಾಲೆಗಳಲ್ಲಿ ಕನ್ನಡವಂತೂ ಇಲ್ಲ. ಊರಿಗೆ ಫೋನ್ ಮಾಡಿದರೆ ನನ್ನ ಅವ್ವನ ಜೊತೆ ಮಗಳದು ‘ಹಲೋ’, ‘ಬೈ’ ಎರಡೇ ಮಾತು.

“ನಾನೂ ಟೀಚರ್ ಮಾತು ಕೇಳಿದ್ದೆ,” ಅಂದರು ಆಂಟಿ. “ಗಂಡಗ ನಮ್ಮ ಭಾಷೆ ಬರಂಗಿಲ್ಲ. ಹುಡುಗ ಮೊದಲ ಸ್ಪ್ಯಾನಿಷ್‌ದಾಗ ಗಟ್ಟಿಯಾಗ್ಲಿ, ನಮ್ಮ ಭಾಷೆ ಮುಂದ ನೋಡೋಣು ಅಂದೆ. ಆ ‘ಮುಂದ’ ಬರಲೇ ಇಲ್ಲ. ಈಗ ಅವಗ ಮೂವತ್ತು. ಊರ ಮಂದಿ ನನ್ನ ಬರಹ ಓದ್ತಾರ. ನನ್ನ ಮಗಗ ಒಂದು ಸಾಲು ತಿಳಿಯಂಗಿಲ್ಲ.”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. “ನಿಮ್ಮ ತಪ್ಪು ನನ್ನ ತಲಿಗ್ಯಾಕ ಕಟ್ತೀರಿ?” ಅಂದುಬಿಟ್ಟೆ. ಅವರು ಹಾಳೆ ಮಡಚಿಕೊಂಡು ಎದ್ದು ಹೋದರು.

ಮೂರು ಶನಿವಾರ ಇಳಿದು ಬರಲಿಲ್ಲ. ಮೆಂತ್ಯ ಬೇಗ ಸೋಸಿ ಮುಗಿಯುತ್ತಿತ್ತು, ಮನೆ ಮಾತ್ರ ಭಣಭಣ. ನಾಲ್ಕನೆಯ ಶನಿವಾರ ಮಗಳನ್ನು ಕರೆದು “ಬಾರವ್ವಾ, ಮೆಂತ್ಯ ಪಲ್ಯ ಸೋಸು” ಅಂದೆ. ಅವಳು ಮುಖ ನೋಡಿ “ವಾಟ್?” ಅಂದಳು. ಆರೇಳು ತಿಂಗಳಲ್ಲಿ ಎಷ್ಟು ದೂರ ಹೋಗಿದ್ದಳು ನನ್ನ ಕೂಸು. ಕೈ ಸಹ ತೊಳೆಯದೆ ಮೇಲೆ ಹೋಗಿ ಬಾಗಿಲು ತಟ್ಟಿದೆ.

“ತಪ್ಪಾತ್ರಿ, ಆಂಟಿ.”

“ಇಬ್ಬರದೂ ಆಗೇತಿ,” ಅಂದರು. “ಆದ್ರ ನಿನ್ನ ಮಗಳಿಗಿನ್ನೂ ಆರು ವರ್ಷ. ನಡಿ.”

ಅಂದಿನಿಂದ ಅವರ ಓದು ಮುಗಿದ ಮೇಲೆ ನನ್ನ ಸರದಿ. ನಾನು ಮಗಳಿಗೆ ಕನ್ನಡದಲ್ಲಿ ಕಥೆ ಹೇಳಬೇಕು; ಆಂಟಿ ಕಡ್ಡಿ, ಸೊಪ್ಪು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾ ಮೆಂತ್ಯ ಸೋಸುವರು. ಮೊದಮೊದಲು ಮಗಳು ‘ಡೋಂಟ್ ವಾಂಟ್ ಲಾ’ ಎಂದು ಮುನಿಸಿಕೊಂಡಳು. ಆಂಟಿಗೆ ತಿಳಿಯದ್ದು ತನಗೆ ತಿಳಿಯುತ್ತದೆ ಎಂದು ಗೊತ್ತಾದದ್ದೇ ತಡ, ಅರ್ಧ ಕಥೆಗೇ ಎದ್ದು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ವರ್ಷದೊಳಗೆ ನನ್ನ ಕಥೆಯನ್ನೇ ತಿದ್ದುತ್ತಿದ್ದಳು. ಒಂದನೇ ಕ್ಲಾಸಿನಲ್ಲಿ ಹಿಂದೆಯೂ ಬೀಳಲಿಲ್ಲ.

ಮೂರನೇ ವರ್ಷ ಆಂಟಿಗೆ ಕಾಯಿಲೆ ಶುರುವಾಗಿ ಊರಿಗೆ ಹೊರಟುಹೋದರು. ಅಲ್ಲಿಯ ಆಸ್ಪತ್ರೆಯಿಂದ ಒಮ್ಮೆ ಫೋನ್ ಮಾಡಿ ಮಗಳ ಕೈಗೆ ಕೊಡು ಎಂದರು. ನಿಮ್ಮ ಭಾಷೆಯಲ್ಲಿ ಏನಾದರೂ ಹೇಳು ಅಂದರಂತೆ. ಅವಳು ಶಾಲೆಯ ಜಗಳವೊಂದನ್ನು ಹತ್ತು ನಿಮಿಷ ಕನ್ನಡದಲ್ಲಿ ವರ್ಣಿಸಿದಳು. ಅತ್ತ ಕಡೆ ಬರೀ ಉಸಿರು ಕೇಳುತ್ತಿತ್ತಂತೆ. ತಿಂಗಳು ತುಂಬುವುದರೊಳಗೆ ಆಂಟಿ ತೀರಿಕೊಂಡರು.

ಆಮೇಲೆ ಅವರ ಮಗನಿಂದ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂತು. “ಅಮ್ಮನ ಅಂಕಣಗಳು ನನ್ನ ಹತ್ತಿರ ಒಂದು ಪೆಟ್ಟಿಗೆ ತುಂಬ ಇವೆ. ನನಗೆ ಓದಲು ಬರುವುದಿಲ್ಲ. ಅನುವಾದ ಮಾಡಿಸಬಹುದು, ಅದು ಬೇರೆ ಮಾತು. ಪ್ರತಿ ವಾರ ಅವರು ನಿಮಗೆ ಓದಿ ಹೇಳುತ್ತಿದ್ದರಂತೆ. ಎಲ್ಲಿ ದನಿ ಏರುತ್ತಿತ್ತು, ಎಲ್ಲಿ ನಗುತ್ತಿದ್ದರು, ನೆನಪಿದ್ದಷ್ಟು ಬರೆಯುತ್ತೀರಾ?” ಎಂದು ಕೇಳಿದ್ದ.

ಕಂಪ್ಯೂಟರಿನ ಮುಂದೆ ಅಳುತ್ತಾ ಕೂತಿದ್ದೆ. ಒಂಬತ್ತು ವರ್ಷದ ಮಗಳು ಬಂದು ನನ್ನ ಹೆಗಲಿಗೆ ಒರಗಿದಳು.

“ಯಾಕ ಅಳಾಕತ್ತೀ ಮಮ್ಮಿ? ಆಂಟಿ ಮಗಾ ಏನ್ ಬರದಾನ?”

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ನಮ್ಮ ಕನ್ನಡದಲ್ಲೇ ಹೇಳಿದೆ. ಅವಳಿಗೆ ಎಲ್ಲಾ ತಿಳಿಯಿತು.