ಟಿವಿ ಹಿಂದಿನ ಬಿಳಿ ಲೈಟು

ನನ್ನ ಎಡಗಣ್ಣು ಹೋದದ್ದು ನನ್ನ ಗಂಡ ತಂದ ಲೈಟಿನಿಂದಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ಅವರು ಹಾಗೆಂದುಕೊಳ್ಳಲು ಬಿಟ್ಟೆ — ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಆಗ ನಾವು ಗದಗದ ಕಡೆಯಿಂದ ಬಂದು ಬೊಮ್ಮಸಂದ್ರದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಬಸವರಾಜ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮೇಲೆ. ನಾನು ಔಷಧಿ ಕಂಪನಿಯಲ್ಲಿ, ಮಾತ್ರೆ ಶೀಟುಗಳಲ್ಲಿ ಎಲ್ಲಾದರೂ ಮಾತ್ರೆ ಬಿಟ್ಟುಹೋಗಿದೆಯೇ ಎಂದು ನೋಡುವ ಕೆಲಸ. ಸಂಜೆ ಮಗಳು ಬೇಗ ಮಲಗುತ್ತಿದ್ದಳು. ಟ್ಯೂಬ್‌ಲೈಟ್ ಆರಿಸಿ ಕತ್ತಲಲ್ಲೇ ಟಿವಿ ನೋಡುತ್ತಿದ್ದೆವು. ನನಗೆ ಹಣೆ ಸಿಡಿಯುತ್ತಿತ್ತು, ಎಡಗಣ್ಣು ಮಂಜು ಮಂಜು. "ತಲಿ ನೋಯ್ತದ್ರಿ" ಎಂದಷ್ಟೇ ಹೇಳಿದ್ದೆ.

ಕತ್ತಲಲ್ಲಿ ಟಿವಿಯ ಬೆಳಕೊಂದನ್ನೇ ನೋಡಿದರೆ ಕಣ್ಣು ದಣಿಯುತ್ತದೆ, ಅದರ ಹಿಂದೆ ಸಣ್ಣ ಲೈಟು ಹಚ್ಚಿದರೆ ಆರಾಮ ಎಂದು ಅವರಿಗೆ ಯಾರೋ ಹೇಳಿದರು. ಭಾನುವಾರ ಚಂದಾಪುರದ ಅಂಗಡಿಗೆ ಹೋದೆವು. ರಿಮೋಟಿನಲ್ಲಿ ಬಣ್ಣ ಬದಲಿಸುವ ಲೈಟಿನ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ.

"ಬಣ್ಣದ್ದು ಶೋಕಿಗೆ ಅಣ್ಣ. ಕಣ್ಣಿಗೆ ಬಿಳೀದೇ ಸಾಕು, ವೈರು ಟಿವಿಗೇ ಚುಚ್ಚಬೋದು," ಎಂದ ಅಂಗಡಿಯವನು.

ಎಲ್ಲಕ್ಕಿಂತ ಅಗ್ಗದ ಬಿಳಿ ಲೈಟಿನ ಪಟ್ಟಿ ತಂದರು. ಟಿವಿ ತಿರುಗಿಸಿ, ಬೆನ್ನಿನ ಧೂಳು ಒರೆಸಿ, ಸುತ್ತಲೂ ಅಂಟಿಸಿದರು. ಹಿಂದಿನ ಗೋಡೆ ಮೆತ್ತಗೆ ಬೆಳಗಿತು.

"ಈಗ ಹ್ಯಾಂಗನಸ್ತದ?"

ಅವರ ಮುಖ ನೋಡಿ "ಭಾಳ ಆರಾಮ್ರಿ" ಅಂದೆ. ನೋಡಲು ಹಿತವಾಗಿದ್ದದ್ದು ನಿಜ. ಆದರೆ ನೋವು — ಅದು ಅಲ್ಲೇ ಇತ್ತು.

ಮುಚ್ಚಿಟ್ಟದ್ದು ಇನ್ನೂ ಇದೆ. ಲೈಟು ತರುವುದಕ್ಕೂ ಮುಂಚೆ ಕಂಪನಿಯ ತಪಾಸಣೆಯಲ್ಲಿ ಡಾಕ್ಟರಮ್ಮ, ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಮ್ಮ ಎಂದಿದ್ದರು. ಕಣ್ಣು ಕೆಟ್ಟಿದೆ ಎಂದರೆ ಈ ಕೆಲಸದಿಂದ ತೆಗೆಯುತ್ತಾರೆ — ನನ್ನ ತಲೆಯಲ್ಲಿ ಅಷ್ಟೇ. ಮನೆಯಲ್ಲೂ ಬಾಯಿಬಿಡಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಒತ್ತಡಕ್ಕೆ ಎಡಗಣ್ಣಿನ ನರ ಸತ್ತಿತ್ತು. ಬಲಗಣ್ಣು ಹನಿ ಔಷಧಿಯಿಂದ ಉಳಿಯಿತು. ಡಾಕ್ಟರ ಮುಂದೆ ನಾನೊಬ್ಬಳೇ ಇದ್ದೆ. ನನ್ನ ಗಂಡ ಮಗಳನ್ನೆತ್ತಿಕೊಂಡು ಹೊರಗೆ ನಿಂತಿದ್ದರು. ನಾನು ಬಂದ ಕೂಡಲೇ ಕೇಳಿದರು: "ಆ ಲೈಟಿನಿಂದ ಆತೇನ?"

"ಇರಬೌದ್ರಿ" ಅಂದೆ.

ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಲು ನಾಚಿಕೆ — ಆ ಗಳಿಗೆಗೆ ಬಾಯಿಗೆ ಬಂದದ್ದು ಆ ಒಂದು ಮಾತು. ಮನೆಗೆ ಬಂದವರೇ ಅವರು ಪಟ್ಟಿ ಕಿತ್ತು ಬಿಸಾಕಿದರು. ಆಮೇಲೆ ಬಂದವರಿಗೆಲ್ಲ "ಅಗ್ಗದ್ದು ತಂದು ಹೆಂಡ್ತಿ ಕಣ್ಣು ಕಳದೆ" ಎನ್ನುವರು. ನಾನು ಚಹಾ ಸೋಸುತ್ತ ಕೇಳಿಸಿಕೊಂಡಿರುತ್ತಿದ್ದೆ. ದಿನಾ ಬಲಗಣ್ಣಿಗೆ ಹನಿ ಹಾಕುತ್ತಿದ್ದವರೂ ಅವರೇ.

ಮೊನ್ನೆ, ಈಗ ಕಾಲೇಜಿಗೆ ಹೋಗುವ ಮಗಳು, ಹೊಸ ಟಿವಿಯ ಹಿಂದೆ ಅಂಥದೇ ಲೈಟು ಹಚ್ಚೋಣ ಅಂದಳು.

"ಬ್ಯಾಡವ್ವ. ನಿಮ್ಮವ್ವನ ಕಣ್ಣು ತೆಗದಾಂವ ನಾನು," ಅಂದರು.

ಇನ್ನು ತಡೆಯಲಾಗಲಿಲ್ಲ. ಮಗಳ ಎದುರಿಗೇ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ನಾ ಬೈತೀನಂತ ಅಂಜಿದ್ದೇನ?"

ಹೂಂ ಅಂದುಬಿಟ್ಟಿದ್ದರೆ — ಆ ತಪ್ಪನ್ನೂ ಅವರೇ ಹೊತ್ತುಕೊಳ್ಳುತ್ತಿದ್ದರು.

"ಇಲ್ರಿ," ಅಂದೆ. "ನೀವು ಎಂದೂ ಬೈದವರಲ್ಲ."