ಮೇಡಂ ಬೆಳೆಸಿದ ತಂತಿ

ಹೋದ ತಿಂಗಳು ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಎದೆಗೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಟಿಸಿದಳು. ಮೂರು ದಿನದ ಎದೆಬಡಿತವನ್ನು ಅದೇ ಬರೆದುಕೊಳ್ಳುತ್ತದಂತೆ. ಉಸಿರೆಳೆದರೆ ನನ್ನೊಂದಿಗೇ ಬಾಗುತ್ತಿತ್ತು. ಬೆರಳಿನಿಂದ ಸವರಿದ ಕೂಡಲೇ ನಮ್ಮ ಫಿಜಿಕ್ಸ್ ಮೇಡಂ ನೆನಪಾದರು...

ಗಣಿಯ ದುಡ್ಡು ಊರ ತುಂಬ ಹರಿದಾಡುತ್ತಿದ್ದ ಕಾಲವದು. ನಾನು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಂಪ್ಲಿಯವರಾದ ಮೇಡಂ ಸತುವಿನ ಉಪ್ಪಿನ ನೀರನ್ನು ಬಿಸಿ ಮಾಡಿ, ಅದರಲ್ಲಿ ಪ್ಲಾಸ್ಟಿಕ್ ಹಾಳೆಯ ತುಂಡು ಇಳಿಬಿಟ್ಟು, ಅದರ ಮೇಲೆ ತಂತಿ ಬೆಳೆಸುತ್ತಿದ್ದರು. ತಂತಿಯೆಂದರೆ ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು! ಕಣ್ಣಿಗೆ ಕಾಣದ್ದಕ್ಕೆ ಇಷ್ಟೊಂದು ಪಾಡೇ ಎನಿಸುತ್ತಿತ್ತು ನನಗೆ.

"ಹಂಗಲ್ರಿ ಅಣ್ಣಾರ," ಎನ್ನುತ್ತಿದ್ದರು ಮೇಡಂ. "ಇದರಾಗ ಸರ್ಕ್ಯೂಟ್ ಮಾಡಿದ್ರ ಬಟ್ಟಿ ಹಂಗ ಬಾಗತೈತಿ. ಒಂದು ವಾಚಿನ ಸೆಲ್ಲು ಸಾಕು, ತಿಂಗಳಗಟ್ಲೆ ನಡೀತೈತಿ. ಮೈಗೂ ಅಂಟಿಸಬಹುದು."

ಅವರ ದೊಡ್ಡ ವೈರಿ ಧೂಳು. ಸಂಡೂರಿನ ಅದಿರು ಲಾರಿಗಳು ಕಾಲೇಜಿನ ಮುಂದೆಯೇ ಹೋಗುತ್ತಿದ್ದವು. ನಾನು ದಿನಾ ಕಿಟಕಿಗಳಿಗೆ ಒದ್ದೆ ಪಂಚೆ ಕಟ್ಟುತ್ತಿದ್ದೆ. ಹತ್ತಾರು ಪಟ್ಟಿ ಕೆಟ್ಟ ಮೇಲೆ, ವರ್ಷದ ಕೊನೆಗೆ ಒಂದು ಸರಿಯಾಗಿ ಬಂತು. ಉಂಗುರದಂತೆ ಬಗ್ಗಿಸಿದರೂ ಅದರಲ್ಲಿ ಕರೆಂಟು ಹರಿಯಿತು. ದಸರಾ ಮುಗಿದ ಮೇಲೆ ಅದನ್ನು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಒಯ್ಯಬೇಕಿತ್ತು. ಅವರು ಮೆಚ್ಚಿದರೆ ಮೇಡಂಗೆ ಅಲ್ಲೇ ಸಂಶೋಧನೆಗೆ ಅವಕಾಶ.

ಹಬ್ಬಕ್ಕೆ ಮೇಡಂ ಊರಿಗೆ ಹೋಗಿದ್ದರು. ಆಯುಧಪೂಜೆಯ ದಿನ ನಾನು ಎಂದಿನಂತೆ ಲ್ಯಾಬಿನ ತಕ್ಕಡಿ, ಮೀಟರು, ಒಲೆ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿದೆ. ಗಾಜಿನ ಡಬ್ಬಿಯಲ್ಲಿ ಆ ಪಟ್ಟಿ ಕಂಡಿತು. ಎಲ್ಲಕ್ಕೂ ಹಚ್ಚಿ, ಮೇಡಂ ವರ್ಷವಿಡೀ ಬೆವರು ಸುರಿಸಿ ಬೆಳೆಸಿದ್ದಕ್ಕೇ ಹಚ್ಚದೆ ಬಿಟ್ಟರೆ ಹೇಗೆ? ಮುಚ್ಚಳ ತೆಗೆದು, ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದೆ. ನಡುವೆ ಕುಂಕುಮದ ಬೊಟ್ಟಿಟ್ಟು ಕೈಮುಗಿದೆ.

ಮೇಡಂ ಬಂದವರು ಡಬ್ಬಿ ನೋಡುತ್ತ ನಿಂತೇ ಬಿಟ್ಟರು. ಬೂದಿ ಒರೆಸಹೋದರೆ ತಂತಿಗಳೂ ಹೋಗುತ್ತವೆಂದು ನನಗೆ ಹೊಳೆದದ್ದು ಆಗಲೇ. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಏನಾಯಿತೆಂದು ಕೇಳಿದರು. ಮೇಡಂ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಧೂಳು ಬಿತ್ರಿ ಸರ್," ಎಂದರು.

ಧೂಳಿನ ಮೇಲೆ ಏನು ಹೊರಿಸಿದರೂ ನಡೆಯುತ್ತಿದ್ದ ಕಾಲ. ನೌಕರಿಯ ಭಯಕ್ಕೆ ನಾನೂ ಬಾಯಿ ಬಿಡಲಿಲ್ಲ. ಅಂಥ ಪಟ್ಟಿ ಮತ್ತೆ ಬೆಳೆಯಲಿಲ್ಲ, ಬೆಂಗಳೂರಿನವರು ಕಾಯಲಿಲ್ಲ... ಮೇಡಂ ಎಂದೂ ನನ್ನನ್ನು ದೂರಲಿಲ್ಲ. ಕೆಲವು ವರ್ಷಗಳ ನಂತರ ವರ್ಗವಾಗಿ ಹೋದರು.

ಆಸ್ಪತ್ರೆಯಿಂದ ಬಂದವನೇ, ಇನ್ನಾದರೂ ತಪ್ಪೊಪ್ಪಿಕೊಳ್ಳೋಣವೆಂದು ಮೇಡಂ ವಿಳಾಸ ಹುಡುಕಿ ಕಂಪ್ಲಿಗೆ ಹೋದೆ. ಬಾಗಿಲು ತೆಗೆದವರು ಅವರ ತಮ್ಮ.

"ಅಕ್ಕ ತೀರ್ಕೊಂಡು ಎರಡು ವರ್ಷ ಆತ್ರಿ," ಎಂದರು. ನಾನು ಯಾರೆಂದು ಹೇಳಿದೆ. "ಓ, ನೀವಾ? ಒಳಗ ಬರ್ರಿ. ಅಕ್ಕ ನಿಮ್ಮನ್ನ ಭಾಳ ನೆನಸ್ತಿದ್ಲು. 'ನನ್ನ ಕೆಲಸಕ್ಕ ಪೂಜಿ ಮಾಡಿದವ್ರು ಅವರೊಬ್ರ' ಅಂತಿದ್ಲು."

ಕ್ಷಮೆ ಕೇಳಲೆಂದು ಹೋದವನು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ.